ನೆಲಕ್ಕಿಟ್ಟ ಸೂಜಿ

ನಾನು ಮಾತಿಗಿಂತ ಮೊದಲು ಸೂಜಿಗೆ ದಾರ ಪೋಣಿಸುವುದನ್ನು ಕಲಿತೆ ಎಂದು ಮನೆಯಲ್ಲಿ ಈಗಲೂ ನಗುತ್ತಾರೆ. ಕುಷ್ಟಗಿಯ ದೊಡ್ಡವ್ವ ಬಸವಣ್ಣೆಮ್ಮ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ರಜೆಯಲ್ಲಿ ನನ್ನ ಕೆಲಸ, ಸೂಜಿಗಳಿಗೆ ದಾರ ಪೋಣಿಸಿ ಅವಳ ಮುಂದೆ ಸಾಲಾಗಿ ನೆಲಕ್ಕಿಡುವುದು. ಕೈಗೆ ಕೊಡಹೋದರೆ ಬೈಯುತ್ತಿದ್ದಳು. "ಸೂಜಿ ಕೈಯಿಂದ ಕೈಗೆ ಕೊಡಬಾರ್ದವ್ವ, ಜಗಳ ಆಕ್ಕಾವು. ನೆಲಕ್ಕಿಡು." ಹಳೆಯ ಸೀರೆಗಳ ವಾಸನೆ, ಪಡಸಾಲೆಯ ತಂಪು, ಮಾತಾಡು ಎಂದು ಯಾರೂ ಒತ್ತಾಯಿಸದ ಮಧ್ಯಾಹ್ನಗಳು. ಅಷ್ಟು ಸುಖವಾಗಿ ಮತ್ತೆಲ್ಲೂ ಕೂತ ನೆನಪಿಲ್ಲ.

ಈ ವರ್ಷ ಅದೇ ಪಡಸಾಲೆಯಲ್ಲಿ ಅವಳ ಪಕ್ಕ ಬಕೆಟ್ ಇತ್ತು. ಎದೆಯ ಗಡ್ಡೆ ತೆಗೆದ ಮೇಲೆ ಆರು ಕೀಮೋ ಹೇಳಿದ್ದರು. ನಾಲ್ಕು ಮುಗಿಯುವಷ್ಟರಲ್ಲಿ ವಾಂತಿಯಿಂದ ಸೋತು, "ಇನ್ನ ನಾ ಒಲ್ಲೆ. ಉಳಿದ ಎರಡು ಡಾಕ್ಟ್ರೇ ತಗೊಳ್ಳಲಿ," ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಪದವಿ ಮುಗಿಸಿ ಸುಮ್ಮನಿದ್ದ ನನ್ನನ್ನು ಅವ್ವ ಅವಳ ಜೊತೆಗಿರಲು ಕಳಿಸಿದ್ದಳು. ಒಪ್ಪಿಸುವ ಮಾತು ನನಗೆ ಬರಲಿಲ್ಲ. ಡೈರಿಯಲ್ಲಿ ಮಾತ್ರ ಬರೆದೆ: ದೊಡ್ಡವ್ವ, ನಿಲ್ಲಿಸಬೇಡ.

ಅರ್ಧ ದಿನ ಧೈರ್ಯ ಕೂಡಿಸಿ ಕೀಮೋ ಡಾಕ್ಟರಿಗೆ ಫೋನ್ ಮಾಡಿದೆ. ವಾಂತಿಯ ಮಾತ್ರೆ ಬದಲಿಸಿದರು. ರಕ್ತಪರೀಕ್ಷೆ ಸರಿಯಿದ್ದರೆ ಜೊತೆಗೆ ಅಕ್ಯುಪಂಕ್ಚರ್ ಮಾಡಿಸಬಹುದು ಎಂದರು. "ರೋಗಕ್ಕಲ್ಲಮ್ಮ, ವಾಂತಿಗೆ."

"ಸೂಜಿ ಸಾಕಾಗೇತಿ ಅಂದ್ರ ಮತ್ತ ಸೂಜಿಗೇ ಕರ್ಕೊಂಡು ಹೊಂಟೀಯಲ್ಲ!" ಎನ್ನುತ್ತಲೇ ದೊಡ್ಡವ್ವ ಕೊಪ್ಪಳದ ಬಸ್ ಹತ್ತಿದಳು.

ಅಲ್ಲಿ ಅಕ್ಯುಪಂಕ್ಚರ್ ಡಾಕ್ಟರ್ ಶಹನಾಜಬೇಗಂ ರಕ್ತದ ವರದಿ ನೋಡಿ ಮಲಗಿಸಿದರು. ನರ್ಸ್ ಕೂದಲಿನಷ್ಟು ಸಣ್ಣ ಸೂಜಿಯನ್ನು ಅವರ ಕೈಗೆ ಕೊಡಹೋದಾಗ ದೊಡ್ಡವ್ವ ಎದ್ದು ಕೂತಳು.

"ಏ ತಂಗಿ, ಕೈಯಾಗ ಕೊಡಬ್ಯಾಡ! ನೆಲಕ್ಕಿಡು!"

"ನೆಲಕ್ಕಿಟ್ರ ಹೊಲಸಾಕ್ಕತಿ, ಅಮ್ಮಾ."

"ನೀವಿಬ್ರೂ ಜಗಳಾಡಿ, ಸಿಟ್ಟು ನನಗ ಚುಚ್ಚಿ ತೀರಿಸ್ಕೊಂಡ್ರ?"

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಡಾಕ್ಟರ್ ನಗುತ್ತ ಸ್ಟೀಲಿನ ಟ್ರೇ ಮುಂದೆ ಮಾಡಿದರು. "ನಮ್ಮ ಅಜ್ಜಿನೂ ಹಿಂಗ ಅಂತಿದ್ಳು. ಇದರಾಗಿಡವ್ವ, ನಾ ತಗೋತೀನಿ."

ಮಣಿಕಟ್ಟಿಗೆ, ಮೊಣಕಾಲಿನ ಕೆಳಗೆ, ಒಂದೊಂದೇ ಸೂಜಿ ಟ್ರೇ ಮುಟ್ಟಿಯೇ ಇಳಿಯಿತು.

"ನೋವಾತೇನ್ರಿ?"

"ಇರಬಿ ಕಡದಂಗ. ಕೌದಿ ಸೂಜಿ ಇದಕ್ಕಿಂತ ಜೋರು ಚುಚ್ಚೇತಿ," ಎಂದು ಕಣ್ಣು ಮುಚ್ಚಿದಳು. ನಾನು ಹಳೆಯ ಚಟದಂತೆ ಸೂಜಿ ಎಣಿಸುತ್ತ ಕೂತೆ.

ಬರುವಾಗ ಬಸ್ಸಿನಲ್ಲಿ ಷರತ್ತು ಹಾಕಿದಳು. "ಐದನೇದು ನೋಡೂಣು. ಹಂಗೇ ವಾಂತಿ ಆದ್ರ ಆರನೇದರ ಹೆಸರೆತ್ತಬ್ಯಾಡ."

ಐದನೆಯದಾದ ಮೇಲೂ ಎರಡು ಸಲ ಕೊಪ್ಪಳಕ್ಕೆ ಹೋದೆವು. ವಾಂತಿ ಪೂರಾ ನಿಲ್ಲಲಿಲ್ಲ, ಆದರೆ ಮೂರನೆಯ ದಿನ ಪುಂಡಿಪಲ್ಯದ ಜೊತೆ ಅರ್ಧ ರೊಟ್ಟಿ ತಿಂದಳು. ಅದು ಮಾತ್ರೆಯಿಂದಲೋ ಸೂಜಿಯಿಂದಲೋ, ಗೊತ್ತಿಲ್ಲ. ಕೀಮೋದಿಂದ ಬೆರಳ ತುದಿಗೆ ಹಿಡಿದಿದ್ದ ಜೋಮು ಮಾತ್ರ ಹಾಗೇ ಇತ್ತು.

ನಿನ್ನೆ ಮಧ್ಯಾಹ್ನ, ಕಾಯಿಲೆಗೆ ಮುಂಚೆ ಬಿಟ್ಟಿದ್ದ ಕೌದಿ ತರಿಸಿಕೊಂಡಳು. ಒಂದು ಮೂಲೆ ಬಾಕಿಯಿತ್ತು. ದಾರ ಪೋಣಿಸಿ, ಸೂಜಿಯನ್ನು ನೆಲಕ್ಕಿಟ್ಟೆ. ಅವಳು ಎತ್ತಿಕೊಳ್ಳಲು ಹೋದಳು. ಬೆರಳು ಜಾರಿತು. ಮತ್ತೆ ಜಾರಿತು. ನಾನು ನೋಡದವಳಂತೆ ಬಾಗಿಲ ಕಡೆ ತಿರುಗಿದೆ.

"ಕೈಯಾಗ ಕೊಡು," ಎಂದು ಅಂಗೈ ಚಾಚಿದಳು.

"ಜಗಳ ಆಕ್ಕತ್ಯಲ್ಲ, ದೊಡ್ಡವ್ವ?"

"ಆಗ್ಲಿ ತಗೋ. ನೀ ಬಾಯಿ ಬಿಟ್ಟು ಜಗಳಾಡೂದು ನೋಡಾಕರ ನಾ ಇರಬೇಕು."

ಸೂಜಿಯನ್ನು ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ಮಡಚಿದೆ.

"ಆರನೇದು ಯಾವತ್ತೈತಿ?"

"ಸೋಮವಾರ," ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು.