ರಾಜಹಂಸ ಬಾರಿನ ಬೋರ್ಡು

"ಹೇಳಿದ್ನಲ್ಲ, ಬುವಾ ಬರ್ತಾಳೆ ಅಂತ," ಎಂದು ಅನೂಪ್ ಏಳು ವರ್ಷದ ಮಗಳು ಅನನ್ಯಾಗೆ ಹೇಳಿ ಗ್ಲಾಸು ಎತ್ತಿದ.

ಮಗು ಬುವಾ ಎಂದು ಕರೆಯುವ ಸೋದರತ್ತೆ, ಅವನ ಅಕ್ಕ ಹರ್ಷಿಣಿ, ಬಂದವಳು ಕೂರಲಿಲ್ಲ. ಗುರುಗ್ರಾಮದ ಈ ರೆಸ್ಟೋಬಾರಿನವರು ದಿಲ್ಲಿಯ ಮುಚ್ಚಿಹೋದ ಬಾರುಗಳ ಬೋರ್ಡುಗಳನ್ನು ಗುಜರಿಯಿಂದ ತಂದು ಗೋಡೆ ತುಂಬ ತೂಗುಹಾಕಿದ್ದರು. ನಡುವೆ ತಗಡಿನ ರಾಜಹಂಸ, ಕತ್ತಿನ ಬಳಿ ತುಕ್ಕು. ಮಧ್ಯಾಹ್ನ ಅನೂಪ್ ಅವಳಿಗೆ ಅದರ ಫೋಟೋ ಕಳಿಸಿ, ಗುರುತು ಸಿಕ್ತಾ ಎಂದು ಕೇಳಿದ್ದ. ಅವಳಿಗೆ ಮೊದಲು ಕಂಡದ್ದು ಫೋಟೋದ ಮೂಲೆಯಲ್ಲಿ ಫ್ರೆಂಚ್ ಫ್ರೈಸ್ ಹಿಡಿದಿದ್ದ ಪುಟ್ಟ ಕೈ.

ಕುಡಿಯದಿದ್ದರೆ ಮಾತ್ರ ಶನಿವಾರ ಅನನ್ಯಾ ಅವನ ಜೊತೆ ಎಂದು ಬೇರೆಯಾಗಿರುವ ಹೆಂಡತಿ ಚಿನ್ಮಯಿ ಷರತ್ತು ಹಾಕಿದ್ದಳು. ಅವನು ಬಿಟ್ಟಿದ್ದಾನೆ ಎಂದು ಮಾತು ಕೊಟ್ಟವಳು ಹರ್ಷಿಣಿ.

"ಇವಳನ್ನ ನಾನು ಕರ್ಕೊಂಡು ಹೋಗ್ತೀನಿ."

"ಕೂತ್ಕೋ ಅಕ್ಕಾ. ಬೋರ್ಡ್ ನೋಡು ಮೊದಲು."

ನೋಡಬೇಕಾಗಿರಲಿಲ್ಲ. ದಿಲ್ಲಿಯ ಪಟೇಲ್ ನಗರದಲ್ಲಿ, ಅಪ್ಪ ಒಳಗೆ ಕುಡಿಯುತ್ತ ಕೂತಾಗ, ಅಮ್ಮ ಚಿಕ್ಕವರಾಗಿದ್ದ ಇಬ್ಬರನ್ನೂ ಅದರ ಕೆಳಗೆ ನಿಲ್ಲಿಸುತ್ತಿದ್ದಳು. ತಾನು ನಿಂತರೆ ಆಫೀಸಿನವರ ಕಣ್ಣಿಗೆ ಬೀಳುತ್ತೇನೆ, ಮಕ್ಕಳು ನಿಂತರೆ ಗಂಡನಿಗೆ ನಾಚಿಕೆಯಾಗುತ್ತದೆ ಎಂದು ಅವಳ ಲೆಕ್ಕ. ಸೆಕೆಗಾಲದಲ್ಲಿ ಬಲ್ಬಿಗೆ ಸುಟ್ಟ ಹುಳುಗಳು ತಲೆಯ ಮೇಲೆ ಉದುರುತ್ತಿದ್ದವು. ಒಂದು ಚಳಿಗಾಲದ ಸಂಜೆ ಅನೂಪ್ ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಅಪ್ಪ ಹೊರಗೆ ಬಂದರು. ಗುರುತು ಹಿಡಿಯಲಿಲ್ಲ. ಇಬ್ಬರನ್ನೂ ಬಳಸಿಕೊಂಡು ಹೋದರು.

"ನಾನು ಅಪ್ಪನ ಥರ ಅಲ್ಲ," ಅನೂಪ್ ಹೇಳಿದ. "ಮಗೂನ ಹೊರಗೆ ನಿಲ್ಸಿಲ್ಲ. ಒಳಗೆ ಕೂರಿಸಿದೀನಿ. ಎಸಿ ಇದೆ."

ತಮಾಷೆ ಮಾಡುತ್ತಿರಲಿಲ್ಲ.

"ಚಿನ್ಮಯಿಗೆ ಹೇಳ್ತೀಯಾ?"

"ಹೇಳ್ತೀನಿ."

"ಹೇಳು. ಆಮೇಲೆ ನಂಗೆ ಉಳಿಯೋದು ಇದೊಂದೇ," ಎಂದು ಗ್ಲಾಸು ತೋರಿಸಿದ.

ಹರ್ಷಿಣಿಯ ಕೈಯಲ್ಲಿ ಫೋನು ಅದುರಿತು. ಚಿನ್ಮಯಿ. ಅವಳು ಒಂದು ಕ್ಷಣ ಹಾಗೇ ನೋಡುತ್ತ ನಿಂತಳು. ಅಷ್ಟರಲ್ಲಿ ಅನನ್ಯಾ ಎಣ್ಣೆಯ ಬೆರಳನ್ನು ಫ್ರಾಕಿಗೆ ಒರೆಸಿಕೊಂಡು ಫೋನನ್ನು ಎಳೆದುಕೊಂಡಳು.

"ಮಮ್ಮಾ, ಮಾಲ್ ಮೇ ಹೈಂ. ಬುವಾ ಭೀ ಆಯೀ ಹೈ. ಪಾಪಾ ಐಸ್‌ಕ್ರೀಂ ಲಾನೇ ಗಯೇ." ಮಾಲ್‌ನಲ್ಲಿದ್ದಾರಂತೆ, ಅತ್ತೆಯೂ ಬಂದಿದ್ದಾಳಂತೆ, ಪಾಪಾ ಐಸ್‌ಕ್ರೀಂ ತರಲು ಹೋಗಿದ್ದಾನಂತೆ. ಅತ್ತಲಿಂದ ಏನೋ ಪ್ರಶ್ನೆ. "ಇಲ್ಲ ಮಮ್ಮಾ, ಪ್ರಾಮಿಸ್."

ಧ್ವನಿ ಎಲ್ಲೂ ತಡವರಿಸಲಿಲ್ಲ.

ಹರ್ಷಿಣಿ ಕೈ ಚಾಚಿದಳು. ಮಗು ಕರೆ ಮುಗಿಸಿತು, ಫೋನು ಕೊಡಲಿಲ್ಲ. ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿತು. ಇನ್ನೊಂದು ಕೈಯಿಂದ, ಅತ್ತ ನೋಡದೆಯೇ, ಮೇಜಿನ ಅಂಚಿಗೆ ಬಂದಿದ್ದ ಅಪ್ಪನ ಗ್ಲಾಸನ್ನು ಒಳಕ್ಕೆ ಸರಿಸಿತು.