ಈರುಳ್ಳಿ ಬಣ್ಣದ ಪಂಪು

ಬೆಳಕು ಹರಿಯುವ ಹೊತ್ತಿಗೆ ಈರುಳ್ಳಿ ಮಂಡಿಯ ಅಂಗಳದಲ್ಲಿ ರಾಶಿಗಳು ಬಿದ್ದಿರುತ್ತಿದ್ದವು. ಹಮಾಲರು ಚೀಲ ಕೊಡವಿದಾಗಲೆಲ್ಲ ತೆಳು ಸಿಪ್ಪೆ ಗಾಳಿಗೆದ್ದು, ತೇಲಾಡಿ, ಜನರ ತಲೆ ಹೆಗಲುಗಳ ಮೇಲೆ ಇಳಿಯುತ್ತಿತ್ತು. ಆ ರಾಶಿಗಳ ನಡುವೆ ಸ್ಟೂಲು ಹತ್ತಿ ನಿಂತು ಹರಾಜು ಕೂಗುವವನನ್ನು ಎಲ್ಲರೂ ಕೂಗಣ್ಣ ಎನ್ನುತ್ತಿದ್ದರು. ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿದೆ ಎಂದು ತಮಾಷೆ ಮಾಡುವವರಿದ್ದರು.

ಈಚೆಗೆ ಆ ಕೂಗಿಗೆ ತುಕ್ಕು ಹಿಡಿದಿತ್ತು. ಎರಡು ರಾಶಿ ಮುಗಿಯುವಷ್ಟರಲ್ಲಿ ಉಸಿರು ಎದೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಗ ಅವನು “ನೀರು ಕುಡಿದು ಬಂದೆ” ಎಂದು ಚೀಲಗಳ ಸಂದಿಗೆ ನುಸುಳುತ್ತಿದ್ದ. ಜೇಬಿನಿಂದ ಇನ್ಹೇಲರ್ ಪಂಪು ತೆಗೆದು ಬಾಯಿಗೆ ಚಿಮ್ಮಿಸಿಕೊಳ್ಳುತ್ತಿದ್ದ. ಚಿಮ್ಮಿಸಿದ್ದು ಗಂಟಲು ದಾಟುವ ಮೊದಲೇ “ಬನ್ನಿ ಬನ್ನಿ, ಯಾರದು ಮೇಲೆ?” ಎನ್ನುತ್ತ ಹೊರಬರುತ್ತಿದ್ದ.

“ಏನಯ್ಯಾ, ಕಪ್ಪೆ ನುಂಗಿದ್ದೀಯಾ?” ಎಂದು ಒಂದು ದಿನ ಮಂಡಿಯ ಯಜಮಾನ ಕೇಳಿಯೇಬಿಟ್ಟ. “ಹಿಂದೆ ನಿಂತೋರಿಗೆ ಕೇಳಿಸ್ತಾನೇ ಇಲ್ಲವಂತೆ. ಹೊಸ ಬೆಳೆ ಬರೋ ಹೊತ್ತಿಗೆ ಗಂಟಲು ಸರಿ ಹೋಗದಿದ್ರೆ ಬೇರೆಯವರನ್ನ ನಿಲ್ಲಿಸಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ.”

ಕೂಗಣ್ಣ ನಕ್ಕು ತಲೆಯಾಡಿಸಿದ. ಮನೆಗೆ ಬಂದವನು ಮಾತ್ರ ಊಟಕ್ಕೂ ಬಾಯಿ ತೆರೆಯಲಿಲ್ಲ. ಪಡಸಾಲೆಯಲ್ಲಿ ಹರಿದ ಚೀಲ ಹೊಲಿಯುತ್ತಿದ್ದ ಹೆಂಡತಿಗೆ ಅದು ವಿಚಿತ್ರವೆನಿಸಿತು. ಅವನು ಸುಮ್ಮನಿದ್ದದ್ದನ್ನು ಅವಳು ನಿದ್ದೆಯಲ್ಲೂ ಕಂಡಿರಲಿಲ್ಲ.

“ಎಲ್ಲಾ ಈ ಪಂಪಿಂದಾನೇ ಆಗಿದ್ದು,” ಎಂದು ಕೊನೆಗೆ ಅವನೇ ಬಾಯಿಬಿಟ್ಟ. “ಉಸಿರೂ ಬಿಡಿಸಲಿಲ್ಲ, ದನೀನೂ ತಿಂದುಹಾಕ್ತು. ನಾಳೆಯಿಂದ ಇದನ್ನ ಮುಟ್ಟಲ್ಲ.”

“ಮುಟ್ಟಬೇಡಿ. ಆದ್ರೆ ಮುಟ್ಟಲ್ಲ ಅಂತ ಇದನ್ನ ಕೊಟ್ಟ ನರ್ಸಮ್ಮನ ಎದುರಿಗೇ ಹೇಳಿ. ನನ್ನ ಮುಂದೆ ಹೇಳೋದು ಸುಲಭ.”

ಮಾರನೆಯ ದಿನ ಹೆಂಡತಿಯೇ ಅವನನ್ನು ದವಾಖಾನೆಗೆ ಕರೆದೊಯ್ದಳು. ಅಲ್ಲಿನ ನರ್ಸ್ ಗಟ್ಟಿಮುಟ್ಟಾದ ಹೆಂಗಸು. ನಗುವೂ ಅಷ್ಟೇ ಗಟ್ಟಿ. ಮುಚ್ಚಳವಿಲ್ಲದ ಆ ಕಂದುಗೆಂಪು ಪಂಪನ್ನು ತೆಗೆದುಕೊಂಡು ಅಂಗೈ ಮೇಲೆ ತಟ್ಟಿದಳು. ಒಳಗಿಂದ ಈರುಳ್ಳಿ ಸಿಪ್ಪೆಯ ಚೂರು ಉದುರಿತು.

“ಇದನ್ನೂ ಔಷಧಿ ಜೊತೆ ಎಳ್ಕೊಂಡಿದ್ರೆ ಎದೆಯಲ್ಲೇ ಮಂಡಿ ತೆರೀಬಹುದಿತ್ತು ನೋಡಿ! ನೀಲಿದು ಎಲ್ಲಿ?”

“ಮನೇಲಿದೆ. ಅದು ಕಣ್ಣಿಗೆ ಹೊಡೆಯುತ್ತೆ ತಾಯಿ. ಇದಾದ್ರೆ ಈರುಳ್ಳಿ ಬಣ್ಣ. ರಾಶಿ ಪಕ್ಕ ಹಿಡ್ಕೊಂಡ್ರೂ ಯಾರಿಗೂ ಗೊತ್ತಾಗಲ್ಲ.”

ನರ್ಸ್ ಕುರ್ಚಿ ಎಳೆದುಕೊಂಡು ಎದುರು ಕೂತಳು.

“ಅಲ್ಲಣ್ಣಾ, ಉಸಿರು ಸಿಕ್ಕಿಕೊಂಡಾಗ ಬೇಗ ಬಿಡಿಸೋದು ನೀಲಿದು. ಅದು ಜೇಬಲ್ಲಿರಬೇಕು. ಈ ಕೆಂಪುದು ನಿಧಾನದ್ದು; ಬೆಳಿಗ್ಗೆ ಸಂಜೆ ಮನೇಲಿ ತಗೊಂಡು, ಬಾಯಿ ಮುಕ್ಕಳಿಸಿ ಉಗುಳಬೇಕು. ನೀವು ಇದನ್ನ ಸಿಕ್ಕಾಪಟ್ಟೆ ಹೊಡ್ಕೊಂಡು, ಮುಕ್ಕಳಿಸದೇ ಕೂಗಿದ್ದೀರ. ದನಿ ಇನ್ನೇನಾಗುತ್ತೆ? ಎಲ್ಲಿ, ಬಾಯಿ ತೆಗೀರಿ. ನೋಡಿ, ನಾಲಗೆ ಮೇಲೆಲ್ಲ ಬಿಳಿ ಬಂದಿದೆ. ಡಾಕ್ಟರಿಗೆ ತೋರಿಸೋಣ, ಅದಕ್ಕೂ ಔಷಧಿ ಇದೆ.”

“ನಿಮಗೇನು, ಹೇಳ್ತೀರ,” ಎಂದ ಕೂಗಣ್ಣ. “ಸ್ಟೂಲ್ ಮೇಲೆ ನಿಂತೋನು ಪಂಪು ತೆಗೆದ್ರೆ, ಇವನ ಇಂಜಿನ್ ಹೋಯ್ತು ಅಂತಾರೆ. ಆಮೇಲೆ ನನ್ನ ಮಾತಿಗೆ ಯಾರು ಬೆಲೆ ಕಟ್ತಾರೆ?”

“ಮಂಡಿ ಯಜಮಾನರು ಕನ್ನಡಕ ಹಾಕ್ಕೊಂಡೇ ತಕ್ಕಡಿ ನೋಡ್ತಾರಲ್ಲ, ಅವರ ಇಂಜಿನ್ ಹೋಯ್ತು ಅಂತ ಯಾರಾದ್ರೂ ಅಂದ್ರಾ?”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಲ್ಲೇ ಪಾಠ ಶುರುವಾಯಿತು. ಪಂಪು ಅಲುಗಾಡಿಸಿ, ಮೊದಲು ಉಸಿರೆಲ್ಲ ಹೊರಬಿಟ್ಟು, ತುಟಿ ಬಿಗಿಹಿಡಿದು, ಒತ್ತುತ್ತಲೇ ನಿಧಾನವಾಗಿ ಎಳೆದುಕೊಳ್ಳಬೇಕು. ಅಷ್ಟನ್ನೂ ಕೂಗಣ್ಣ ಕಲಿತ. ತೊಡಕು ಬಂದದ್ದು ಕಡೆಗೆ. ಎಳೆದ ಉಸಿರನ್ನು ಹತ್ತು ಎಣಿಸುವವರೆಗೆ ತಡೆದು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಾಲ್ಕಕ್ಕೇ “ಸರಿಯಾಯ್ತಾ?” ಎಂದ. ಮತ್ತೊಮ್ಮೆ ಏಳಕ್ಕೆ “ಇನ್ನೆಷ್ಟು?” ಎಂದ.

“ನನ್ನ ಮದುವೆಯಾದಾಗಿಂದ ಇವರಿಗೆ ಅದೊಂದೇ ಬಂದಿಲ್ಲ ಕಣಮ್ಮಾ,” ಎಂದಳು ಹೆಂಡತಿ.

ಮುಂದಿನ ದಿನಗಳಲ್ಲಿ ಅವಳೇ ಎದುರು ಕೂತು ಬೆರಳು ಮಡಚಿ ಎಣಿಸಿದಳು. ಹೆದರಿಸಿದಳು, ನಗಿಸಿದಳು, ಮುಕ್ಕಳಿಸಲು ನೀರು ಹಿಡಿದು ನಿಂತಳು. ಡಾಕ್ಟರ ಔಷಧಿಯಿಂದ ನಾಲಗೆಯ ಬಿಳಿ ಹೋಯಿತು. ದನಿ ಬಾವಿಯಿಂದ ಕೊಡ ಏರಿ ಬರುವ ಹಾಗೆ, ತಡೆತಡೆದು, ಮೇಲಕ್ಕೆ ಬಂತು.

ಹೊಸ ಬೆಳೆ ಬಂದ ದಿನ ಅಂಗಳ ತುಂಬಿತ್ತು. ಕೂಗಣ್ಣ ಸ್ಟೂಲನ್ನು ಸಿಪ್ಪೆ ಹಾರಿಬಾರದ ಕಡೆಗೆ ಇಟ್ಟುಕೊಂಡಿದ್ದ. ಒಬ್ಬ ಮುದುಕಿ ತಂದಿದ್ದ ರಾಶಿಗೆ ಹೋಟೆಲಿನವಳೂ ದಪ್ಪ ಮೀಸೆಯ ವ್ಯಾಪಾರಿಯೂ ಜಿದ್ದಿಗೆ ಬಿದ್ದು, ಈಗ ಇಬ್ಬರೂ ಬೆಲೆ ಏರಿಸುವುದನ್ನು ನಿಲ್ಲಿಸಿಬಿಟ್ಟಿದ್ದರು. “ಒಂದು ಸಲ... ಎರಡು ಸಲ...” ಎನ್ನುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ಕೂಗಣ್ಣನ ಕಾಲು ಅಭ್ಯಾಸಬಲದಿಂದ ಕೆಳಗಿಳಿಯಲು ಹೊರಟಿತು. ಅವನು ಅದನ್ನು ವಾಪಸು ಸ್ಟೂಲಿನ ಮೇಲೆ ಊರಿದ.

ನೂರು ಜನರ ಎದುರಿಗೆ ನೀಲಿ ಪಂಪು ತೆಗೆದು, ಮುಚ್ಚಳ ಕಳಚಿ, ಅಲುಗಾಡಿಸಿ, ಬಾಯಿಗಿಟ್ಟು ಎಳೆದುಕೊಂಡ. ಬಾಯಿ ಮುಚ್ಚಿ, ತಾಳಿ ಎನ್ನುವಂತೆ ಕೈ ಎತ್ತಿ ನಿಂತ.

ಮಂಡಿ ಅಂಥ ಮೌನವನ್ನು ಎಂದೂ ಕೇಳಿರಲಿಲ್ಲ. ಮೀಸೆಯವನು ಹಿಂದೆ ತಿರುಗಿ ನೋಡಿದ. “ಯಾಕೆ ನಿಲ್ಲಿಸಿದ? ಹಿಂದೆ ಯಾರೋ ಬೆಲೆ ಏರಿಸೋರಿದ್ದಾರೆ!” ಎಂದವನೇ ಬೆಲೆ ಏರಿಸಿದ. ಹೋಟೆಲಿನವಳು ಬಿಟ್ಟಾಳೆಯೇ? ಅವಳೂ ಏರಿಸಿದಳು. ಕೂಗಣ್ಣನ ಕಣ್ಣುಗಳು ಅಗಲವಾದವು, ಕೆನ್ನೆಯಲ್ಲಿ ನಗು ಉಬ್ಬಿತು; ಬಾಯಿ ಮಾತ್ರ ಬಿಚ್ಚಲಿಲ್ಲ. ಮೀಸೆಯವನು ಮತ್ತೊಮ್ಮೆ ಏರಿಸಿದ. ಎದೆ ಮೆಲ್ಲಗೆ ಸಡಿಲವಾದ ಮೇಲೆ “ಮೂರು ಸಲ!” ಎಂದು ಬಂದ ಕೂಗು ಬೀದಿಯ ತುದಿಯವರೆಗೂ ಹೋಯಿತು. ಮುದುಕಿ ಎರಡೂ ಕೈಯಿಂದ ತನ್ನ ಕೆನ್ನೆ ಹಿಡಿದುಕೊಂಡಳು.

“ಬಾಯಿ ಮುಚ್ಚಿಕೊಂಡೇ ರಾಶಿ ಮಾರಿದೆಯಲ್ಲೋ!” ಎಂದು ಯಜಮಾನ ಹೊಟ್ಟೆ ಹಿಡಿದು ನಕ್ಕ. “ಇನ್ಮೇಲೆ ಬೇರೆಯವರನ್ನ ಹುಡುಕಿದ್ರೆ ನನ್ನಂಥ ದಡ್ಡ ಇನ್ನೊಬ್ಬ ಇಲ್ಲ.”

ಮಧ್ಯಾಹ್ನ ಅಂಗಳ ಗುಡಿಸುವಾಗ ಹಿರಿಯ ಹಮಾಲನೊಬ್ಬ ಹತ್ತಿರ ಬಂದ. ಕೆಮ್ಮಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದ. “ಕೂಗಣ್ಣಾ, ನನಗೂ ಹಿಂಗೇ ಆಗುತ್ತೆ. ನಿಂದನ್ನ ಒಂದು ಸಲ ಕೊಡ್ತೀಯಾ?”

“ನನ್ನ ಹಲ್ಲುಜ್ಜೋ ಬ್ರಷ್ ಕೇಳಿದ ಹಾಗಾಯ್ತು ಇದು,” ಎಂದು ಕೂಗಣ್ಣ ಪಂಪನ್ನು ಜೇಬಿಗೆ ಸೇರಿಸಿದ. “ನಿನ್ನ ಎದೆಗೆ ಏನು ಬೇಕು ಅನ್ನೋದು ನನಗೇನು ಗೊತ್ತು? ನಡಿ, ತೋರಿಸ್ಕೊಂಡು ಬರೋಣ. ಅಲ್ಲಿ ಒಬ್ಬ ನರ್ಸಮ್ಮ ಇದ್ದಾಳೆ, ಬೈದರೂ ನಗುವ ಹಾಗೆ ಬೈತಾಳೆ.”

ಹಮಾಲ ಸಿಪ್ಪೆ ಹತ್ತಿದ್ದ ಹೆಗಲ ಬಟ್ಟೆ ಕೊಡವಲು ಹೋದ. ಕೂಗಣ್ಣ ಅವನ ಕೈ ತಡೆದು, ಆ ಬಟ್ಟೆಯನ್ನು ತಾನೇ ತೆಗೆದುಕೊಂಡು ದೂರ ಗಾಳಿಗೆ ಬೆನ್ನು ಮಾಡಿ ಕೊಡವಿ ತಂದುಕೊಟ್ಟ. ಇಬ್ಬರೂ ಹೊರಟರು. ಹಮಾಲ ಏದುಸಿರು ಬಿಟ್ಟು ನಿಂತಲ್ಲೆಲ್ಲ ಕೂಗಣ್ಣನೂ ನಿಂತ.