ಮೂವತ್ತಮೂರರ ಹಾಡು, ನಲವತ್ತೈದರ ಕುಣಿತ

ಕಾಲಿ ಎಂಬ ನಮ್ಮ ನಗರದಲ್ಲಿ ಕಿವಿಗಿಂತ ಕಾಲಿಗೇ ಮರ್ಯಾದೆ ಹೆಚ್ಚು. ನಿಮಿಷಕ್ಕೆ ಮೂವತ್ತಮೂರು ಸುತ್ತಿನಲ್ಲಿ ತಿರುಗಬೇಕಾದ ಸಾಲ್ಸಾ ಹಾಡಿನ ರೆಕಾರ್ಡನ್ನು ನಲವತ್ತೈದಕ್ಕೆ ಓಡಿಸಿ ಕುಣಿಯುವವರು ನಾವು. ನ್ಯೂಯಾರ್ಕಿನ ಘನ ಗಾಯಕರೆಲ್ಲ ಆ ವೇಗದಲ್ಲಿ ನೆಗಡಿಯಾದ ಗಿಣಿಗಳು. ಅದಕ್ಕೆ ಬಿದ್ದು ಬಿದ್ದು ನಗುತ್ತಿದ್ದವರಲ್ಲಿ ಎಲಾದಿಯೋ ಕಾರಬಲಿಯೂ ಒಬ್ಬ, ತನ್ನ ಸರದಿ ಬರುವ ತನಕ.

ಎಲಾದಿಯೋ ನಮ್ಮ ತಂಡದ ಗಾಯಕ. ಹಾಡು ಕಟ್ಟುವವನೂ ಅವನೇ. ನಾನು ಹಿಂದೆ ನಿಂತು ಪಲ್ಲವಿ ಹಿಡಿಯುವವನು, ಬಿಡುವಿದ್ದಾಗ ಎಲ್ಲರ ದನಿ ಅಣಕಿಸುವವನು. ಬಾಡಿಗೆ ಏರಿಸುವ ಮಾಲೀಕರ ಮೇಲೆ, ನೀರು ಬಾರದ ನಲ್ಲಿಯ ಮೇಲೆ ಹಾಡಿ ಹಾಡಿ ಅವನು ಸಂಪಾದಿಸಿದ್ದು ಪೊಲೀಸರ ಪರಿಚಯ ಮಾತ್ರ.

ಆಮೇಲೆ ಅವನ ಅಣ್ಣ ಬೆಲಿಸಾರಿಯೋ ಸಕ್ಕರೆ ಗಿರಣಿಯ ಗಾಣಕ್ಕೆ ಸಿಕ್ಕಿ ಸತ್ತ. ಕಣ್ಣಾರೆ ಕಂಡವನೊಬ್ಬ ಎಲಾದಿಯೋನ ಕಿವಿಯಲ್ಲಿ ಹೇಳಿ ಊರು ಬಿಟ್ಟ. ಗಿರಣಿಯ ಮೇಸ್ತ್ರಿಯೋ, ಬೆಲಿಸಾರಿಯೋ ಯಾವಳೊಂದಿಗೋ ಓಡಿಹೋದನೆಂದು ಸಾರಿಕೊಂಡು ಬಂದ. ಸತ್ತವನ ಹೆಂಡತಿ ನೊಯೆಮಿಗೆ ಹೂಳಲು ಹೆಣವಿಲ್ಲ. ಓಡಿಹೋದವನಿಗೆಂಥ ಪ್ರಾರ್ಥನೆ ಎಂದು ಪಾದ್ರಿಯೂ ಬಾಗಿಲು ಹಾಕಿಕೊಂಡ. ಊರಿಗೆಲ್ಲ ನಿಜ ಕೇಳಿಸುವಂತೆ ಹಾಡುತ್ತೇನೆಂದು ಎಲಾದಿಯೋ ಅತ್ತಿಗೆಗೆ ಮಾತು ಕೊಟ್ಟ.

ಹಾಡು ಶವಯಾತ್ರೆಯ ನಡಿಗೆಯಷ್ಟು ನಿಧಾನ. ಗಾಣದಲ್ಲಿ ನಡೆದದ್ದು ಕೊನೆಯ ಚರಣದಲ್ಲಿ. ಪಲ್ಲವಿ ನಮ್ಮದು: ‘ಅವನೆಲ್ಲಿ? ಸಕ್ಕರೆಯನ್ನು ಕೇಳಿ.’

ಕುಣಿತದ ಮನೆ ನಡೆಸುವ ಗೋಯೋ ಈ ಹಾಡಿನ ಹೊಸ ರೆಕಾರ್ಡನ್ನು ಅಭ್ಯಾಸಬಲದಿಂದ ನಲವತ್ತೈದಕ್ಕಿಟ್ಟ. ಎಲಾದಿಯೋನ ಗುಡುಗು ದನಿ ಇಲಿಮರಿಯದಾಯಿತು. ಚರಣದ ಒಂದು ಮಾತೂ ತಿಳಿಯದು, ಕಾಲು ಮಾತ್ರ ನಿಲ್ಲದು. ನೋಡನೋಡುತ್ತ ಊರೆಲ್ಲ ಅದೇ ಹಾಡು. ಎಲಾದಿಯೋ ಜಗಳಕ್ಕೆ ಹೋದ.

“ನಿನ್ನ ಅಳು ನಿಧಾನಕ್ಕೆ ಹಾಕಿದ್ರೆ ಜನ ಎದ್ದು ಮನೆಗೆ ಹೋಗ್ತಾರಪ್ಪ,” ಎಂದ ಗೋಯೋ. “ಅಳೋಕೆ ಅವರಿಗೆ ಮನೇಲೇ ಬೇಕಾದಷ್ಟಿದೆ.”

ಡಿಸೆಂಬರಿನ ಉತ್ಸವಕ್ಕೆ ನಮ್ಮನ್ನು ಕರೆದರು. ಮಟಮಟ ಮಧ್ಯಾಹ್ನ, ಚೌಕದ ತುಂಬ ಜನ. ಎಲಾದಿಯೋ ನೊಯೆಮಿಯನ್ನು ಕರೆತಂದು ವೇದಿಕೆಯ ಪಕ್ಕದಲ್ಲೇ ಕೂರಿಸಿದ. ಗಿರಣಿಯವರೂ ಬಂದಿದ್ದರು, ಮೇಸ್ತ್ರಿ ಅವರ ಮುಂದಾಳು. ಎಲಾದಿಯೋ ಹಾಡನ್ನು ತಾನು ಬರೆದ ಹಾಗೆಯೇ, ನಿಧಾನವಾಗಿ ಎತ್ತಿಕೊಂಡ.

ಜನ ಒಂದು ಚರಣ ತಡೆದರು. ಆಮೇಲೆ ಸಿಳ್ಳೆ ಶುರು. ಅವನ ಹಾಡನ್ನು ಅವನೇ ಮರೆತಿದ್ದಾನೆಂದು ಅವರ ಭಾವನೆ.

“ಏಯ್ ಎಲಾದಿಯೋ, ಇದಲ್ಲಪ್ಪ, ಇಲೀದು ಹಾಡು!”

ಬದಿಯಲ್ಲಿ ನಿಂತ ಉತ್ಸವದ ಯಜಮಾನ ಬೇಗ ಬೇಗ ಎಂಬಂತೆ ಬೆರಳನ್ನು ಗಿರಗಿರ ತಿರುಗಿಸಿ ತೋರಿಸಿದ. ಗಾಣದ ಚರಣ ಇನ್ನೂ ಬಂದಿರಲಿಲ್ಲ. ಒಂದು ಬಾಟಲಿ ಬಂದು ಡೋಲಿಗೆ ಬಡಿಯಿತು. ಎಲಾದಿಯೋ ನೊಯೆಮಿಯನ್ನು ನೋಡಲಿಲ್ಲ. ಗಂಟಲು ಬಿಗಿಹಿಡಿದು, ತಾಲೀಮಿನಲ್ಲಿ ನಾನು ಅವನನ್ನು ಅಣಕಿಸುತ್ತಿದ್ದೆನಲ್ಲ, ಅದೇ ಇಲಿದನಿಯಲ್ಲಿ ಚರಣ ಎತ್ತಿದ. ನಾವೂ ಅದೇ ವೇಗಕ್ಕೆ ಹಾಡಿನ ಹಿಂದೆಯೇ ಓಡಿದೆವು. ಚೌಕ ಎದ್ದು ಕುಣಿಯಿತು. ಗಾಣದ ಚರಣವೂ ಬಂತು, ಹೋಯಿತು.

ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಅವನು ಅತ್ತಿಗೆಯತ್ತ ಬಾಗಿದ. ಅವಳು ಜನರ ಕಡೆಗೇ ನೋಡುತ್ತಿದ್ದಳು.

“ಮೇಸ್ತ್ರಿ ಎಷ್ಟು ಚೆನ್ನಾಗಿ ಕುಣಿದ,” ಎಂದಳು. “ಪಲ್ಲವೀನೂ ಬಾಯಿಪಾಠ ಆಗಿದೆ, ಪಾಪ.”

ಜನ ‘ಮತ್ತೊಮ್ಮೆ!’ ಎಂದು ಕೂಗಿದರು. ಎಲಾದಿಯೋ ಮತ್ತೊಮ್ಮೆ ಹಾಡಿದ.